ನಿರೀಕ್ಷಕರ ದಿಢೀರ್ ತಪಾಸಣೆ

ಬರುವುದೇ ಆಗಿದ್ದರೆ ಆರೋಗ್ಯ ನಿರೀಕ್ಷಕರಿಗೆ ಒಂದು ಮರ್ಯಾದಸ್ಥ ಕಾಯಿಲೆ ಬರಬಹುದಿತ್ತು. ಹೃದಯದ ತೊಂದರೆಯೆಂದರೆ ಜನ ದನಿ ತಗ್ಗಿಸಿ ಮಾತಾಡುತ್ತಾರೆ. ರಕ್ತದೊತ್ತಡವೆಂದರೆ 'ಪಾಪ, ತಲೆ ಮೇಲೆ ಎಷ್ಟೊಂದು ಜವಾಬ್ದಾರಿ' ಎಂದು ಕುರ್ಚಿ ಬಿಟ್ಟುಕೊಡುತ್ತಾರೆ. ಅರೆತಲೆನೋವಿಗೂ ಒಂದು ಘನತೆಯಿದೆ. ಬುದ್ಧಿವಂತರಿಗೆ ಬರುವಂಥದ್ದು ಎಂಬ ಹೆಸರಾದರೂ ಅದಕ್ಕಿದೆ. ಅದೆಲ್ಲವನ್ನೂ ಬಿಟ್ಟು, ಇಪ್ಪತ್ತೆರಡು ವರ್ಷ ಊರಿನ ಹೋಟೆಲುಗಳನ್ನೆಲ್ಲ ಗಡಗಡ ನಡುಗಿಸಿದ ಈ ಮನುಷ್ಯನಿಗೆ ಬಂದದ್ದು ದೊಡ್ಡ ಕರುಳಿನ ಉರಿಯೂತ. ಅದನ್ನು ಯಾರ ಮುಂದೆ, ಯಾವ ಬಾಯಲ್ಲಿ ಹೇಳಿಕೊಳ್ಳುವುದು?

ನಗರಸಭೆಯ ಆರೋಗ್ಯ ವಿಭಾಗದಲ್ಲಿ ಮೂವರು ನಿರೀಕ್ಷಕರಿದ್ದರೂ ಹೋಟೆಲಿನವರು ಬರೀ 'ನಿರೀಕ್ಷಕರು' ಅಂದರೆ ಅದು ಇವರೇ. ಬೆನ್ನ ಹಿಂದೆ ಅವರ ಹೆಸರು 'ಭೂತಗನ್ನಡಿ'. (ಅದು ಅವರಿಗೆ ಗೊತ್ತಿತ್ತು. ಗೊತ್ತಿಲ್ಲದವರಂತೆ ಇರುವುದರಲ್ಲಿ ಒಂದು ಸುಖವಿತ್ತು.) ತಟ್ಟೆಯ ಅಂಚಿನ ಮೇಲೆ ಬೆರಳಾಡಿಸಿ, ಆ ಬೆರಳನ್ನು ಬೆಳಕಿಗೆ ಹಿಡಿದು, ಆಮೇಲೆ ನಿಧಾನವಾಗಿ ಮಾಲೀಕನ ಮುಖ ನೋಡುವುದು ಅವರ ಪದ್ಧತಿ. ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ. ಅಷ್ಟಕ್ಕೇ ಎಂಥೆಂಥ ಮಾಲೀಕರಿಗೂ ಬೆವರಿಳಿಯುತ್ತಿತ್ತು. ಯಾವ ಹೋಟೆಲಿನಲ್ಲೂ ಒಂದು ಲೋಟ ನೀರು ಕೂಡ ಮುಟ್ಟಿದವರಲ್ಲ. ಅವರ ಲೆಕ್ಕದಲ್ಲಿ ಹೋಟೆಲಿನವರು ಕೊಳಕರು, ಗಿರಾಕಿಗಳು ಆ ಕೊಳಕು ತಿನ್ನಲು ಸಾಲುಗಟ್ಟುವ ದಡ್ಡರು, ಉಳಿದಿಬ್ಬರು ನಿರೀಕ್ಷಕರು ಕುರ್ಚಿಗೆ ಮೆತ್ತಿದ ಗೋಂದು. ಕನ್ನಡಿಯಲ್ಲಿ ಕಾಣುವ ಒಬ್ಬ ವ್ಯಕ್ತಿಯನ್ನು ಬಿಟ್ಟರೆ ಗೌರವಕ್ಕೆ ಯೋಗ್ಯರಾದವರು ಈ ಊರಲ್ಲಿ ಹುಟ್ಟಿಲ್ಲ ಎಂದೇ ಅವರ ನಂಬಿಕೆ.

ಹೆಂಡತಿ ಶಿಶುವಿಹಾರದ ಟೀಚರು. ದಿನವಿಡೀ ನಾಲ್ಕು ವರ್ಷದ ಇಪ್ಪತ್ತಾರು ಮಕ್ಕಳನ್ನು ಹದ್ದುಬಸ್ತಿನಲ್ಲಿಟ್ಟು ಮನೆಗೆ ಬಂದರೆ ಇಪ್ಪತ್ತೇಳನೆಯದು ಕಾಯುತ್ತಿರುತ್ತದೆ, ಅದಕ್ಕೆ ಐವತ್ತೊಂದು ವರ್ಷ, ಅದೇ ಎಲ್ಲಕ್ಕಿಂತ ಹಟಮಾರಿ ಎಂದು ಆಕೆ ಅಂದುಕೊಳ್ಳುತ್ತಿದ್ದಳು. ಗಂಡ ಬೆಳಿಗ್ಗೆ ಮತ್ತೆ ಮತ್ತೆ ಬಚ್ಚಲು ಸೇರಿ, ಸದ್ದು ಹೊರಗೆ ಕೇಳದಿರಲೆಂದು ನಲ್ಲಿ ಜೋರಾಗಿ ಬಿಟ್ಟುಕೊಳ್ಳುವುದನ್ನು ಎರಡು ತಿಂಗಳು ನೋಡಿದಳು. ಸೊಂಟದ ಬೆಲ್ಟಿಗೆ ಮೊಳೆಯಿಂದ ಎರಡು ಹೊಸ ತೂತು ಬಿದ್ದದ್ದನ್ನೂ ನೋಡಿದಳು. ಮೂರನೆಯ ತೂತು ಬಿದ್ದ ದಿನ ಬಚ್ಚಲ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತಳು.

"ರೀ, ರಕ್ತ ಹೋಗ್ತಿದೆಯಾ?"

ಒಳಗೆ ನಲ್ಲಿಯ ಸದ್ದು ನಿಂತಿತು. "ಯಾರು ಹೇಳಿದ್ದು?"

"ಗೋಡೆ ಹೇಳ್ತು. ಹೊರಗೆ ಬನ್ನಿ, ಡಾಕ್ಟರ ಹತ್ರ ಹೋಗೋಣ."

"ಸ್ವಲ್ಪ ಉಷ್ಣ ಕಣೇ. ತಾನೇ ಹೋಗುತ್ತೆ."

"ಎರಡು ತಿಂಗಳಿಂದ ಉಷ್ಣ ಇರೋಕೆ ನೀವೇನು ಒಲೆಯಾ? ಬರ್ತೀರೋ, ಇಲ್ಲ ನಾನೇ ಬಾಗಿಲು ತೆಗೀಲೋ?"

ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವಳು. ಅದು ನಿರೀಕ್ಷಕರಿಗೆ ಸರಿಬೀಳಲಿಲ್ಲ. ಆಕೆಯ ಕೋಣೆಯ ಕಿಟಕಿಯಂಚಿನಲ್ಲಿ ಧೂಳಿತ್ತು. ಅದಂತೂ ಸರಿಬೀಳಲೇ ಇಲ್ಲ. ಪರೀಕ್ಷೆ ಮುಗಿಸಿ (ಆ ಪರೀಕ್ಷೆಯ ವಿಚಾರ ವಿವರವಾಗಿ ಬೇಡ. ಹಿಂದಿನ ದಿನ ಪೂರ್ತಿ ಔಷಧಿ ಕುಡಿಸಿ ಜಾಗವನ್ನೆಲ್ಲ ತೊಳೆಸಿ, ಮರುದಿನ ಕ್ಯಾಮೆರಾ ಇರುವ ಕೊಳವೆಯೊಂದನ್ನು ಕಳಿಸಿ ಮೂಲೆಮೂಲೆ ನೋಡುತ್ತಾರೆ ಎಂದರೆ ಸಾಕು. ಊರನ್ನೆಲ್ಲ ತಪಾಸಣೆ ಮಾಡಿದವರು ತಾವೇ ತಪಾಸಣೆಗೆ ಒಳಗಾಗಿ, ಅದೂ ಹಿಂಬಾಗಿಲಿನಿಂದ, ಎಷ್ಟು ಕುಗ್ಗಿರಬೇಡ!) ಆಕೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಳು.

"ಇದು ನಿಮ್ಮ ದೊಡ್ಡ ಕರುಳು. ಒಳಗಿನ ಪದರದ ಮೇಲೆ ಹುಣ್ಣುಗಳಾಗಿವೆ. ಇದು ಒಬ್ಬರಿಂದ ಒಬ್ಬರಿಗೆ ಅಂಟೋ ಕಾಯಿಲೆ ಅಲ್ಲ. ನಿಮ್ಮ ದೇಹದ ಕಾವಲುಗಾರರೇ ದಾರಿ ತಪ್ಪಿ, ನಿಮ್ಮ ಕರುಳನ್ನೇ ಕಳ್ಳ ಅಂದ್ಕೊಂಡು ಹೊಡೀತಿದ್ದಾರೆ."

"ನಾನು ಹೊರಗೆ ಒಂದು ತುತ್ತು ತಿಂದವನಲ್ಲ," ಎಂದರು ನಿರೀಕ್ಷಕರು. "ಇಂಥದ್ದೆಲ್ಲ ಕೊಳಕು ತಿನ್ನೋರಿಗೆ ಬರಬೇಕು."

"ಕೊಳಕು ತಿಂದು ಬರೋ ಕಾಯಿಲೆ ಅಲ್ಲ ಸರ್ ಇದು. ಯಾಕೆ ಬರುತ್ತೆ ಅಂತ ಪೂರ್ತಿ ಯಾರಿಗೂ ಗೊತ್ತಿಲ್ಲ. ಪೂರ್ತಿ ವಾಸಿಯಾಗೋದೂ ಇಲ್ಲ, ಆದರೆ ಹತೋಟಿಲಿ ಇಟ್ಕೋಬಹುದು. ಒಂದಷ್ಟು ಕಾಲ ತಣ್ಣಗಿರುತ್ತೆ, ಒಂದಷ್ಟು ಕಾಲ ಕೆರಳುತ್ತೆ. ತಣ್ಣಗಿದೆ ಅಂತ ಮಾತ್ರೆ ಬಿಟ್ಟರೆ ಮತ್ತೆ ಕೆರಳುತ್ತೆ. ಈಗ ಹೇಳಿ, ದಿನಕ್ಕೆ ಎಷ್ಟು ಸಲ ಹೋಗ್ತೀರಿ?"

ನಿಜವಾದ ಸಂಖ್ಯೆ ಎಂಟು. ಕೆಲವು ದಿನ ಹತ್ತು. ನಿರೀಕ್ಷಕರು ಕಿಟಕಿಯ ಧೂಳನ್ನು ದಿಟ್ಟಿಸುತ್ತ, "ಎರಡು," ಎಂದರು.

"ಎರಡೇನಾ? ಹುಣ್ಣು ನೋಡಿದರೆ ಜಾಸ್ತಿ ಇರಬೇಕಲ್ಲ?"

"ಒಮ್ಮೊಮ್ಮೆ ಎರಡೂವರೆ."

ಹೆಂಡತಿ ಬಾಯಿ ತೆರೆದಳು. ಮೇಜಿನ ಕೆಳಗೆ ಆಕೆಯ ಕಾಲ ಮೇಲೆ ಸರ್ಕಾರಿ ಬೂಟೊಂದು ಬಂದು ಕೂತಿತು. ಡಾಕ್ಟರಮ್ಮ ಅನುಮಾನದಿಂದಲೇ ಕಡಿಮೆ ಪ್ರಮಾಣದ ಮಾತ್ರೆ ಬರೆದು, ಒಂದು ಚಿಕ್ಕ ಪುಸ್ತಕ ಕೊಟ್ಟಳು. ಪ್ರತಿ ಸಲ ಹೋದಾಗಲೂ ಹೊತ್ತು ಬರೆದಿಡಬೇಕು, ರಕ್ತ ಇತ್ತೇ ಇಲ್ಲವೇ ಬರೆಯಬೇಕು, ಏನು ತಿಂದರೆ ಕೆರಳುತ್ತದೆ ನೋಡಬೇಕು, ಅದನ್ನು ನೋಡಿಯೇ ಮುಂದಿನ ಔಷಧಿ ಎಂದಳು.

ಎಂಥ ವಿಚಿತ್ರ ನೋಡಿ. 'ನಮ್ಮಲ್ಲಿ ಜಿರಳೆಯೇ ಇಲ್ಲ ಸಾರ್' ಎನ್ನುವ ಮಾಲೀಕನನ್ನು ಕಂಡರೆ ಈ ಮಹಾನುಭಾವರಿಗೆ ಮೈಯೆಲ್ಲ ಉರಿಯುತ್ತಿತ್ತು. ಸುಳ್ಳು ಹೇಳಿ ಯಾರಿಗೆ ಮೋಸ ಮಾಡ್ತೀಯಾ, ಜಿರಳೆ ನಿನ್ನ ಮನೇದು ತಾನೇ ಎಂದು ಆಗ ಮಾತ್ರ ಬಾಯಿ ಬಿಟ್ಟು ಚಳಿ ಬಿಡಿಸುತ್ತಿದ್ದರು. ತಮ್ಮ ಸರದಿ ಬಂದಾಗ ಅದೇ ಮಾಲೀಕನ ಮುಖ ಹೊತ್ತುಕೊಂಡು ಕೂತರು. ಚಿಕ್ಕ ಪುಸ್ತಕದಲ್ಲಿ ಪ್ರತಿ ಭಾನುವಾರ ಒಂದೇ ಸಲ ಕೂತು, ಏಳೂ ದಿನಗಳ ಮುಂದೆ 'ಎರಡು, ಎರಡು, ಎರಡು' ಎಂದು ಸುಂದರವಾದ ಅಕ್ಷರದಲ್ಲಿ ಬರೆದುಬಿಡುತ್ತಿದ್ದರು. ಮಾತ್ರೆ ನಾಟಲಿಲ್ಲ. 'ಆ ಹುಡುಗಿಗೆ ಏನು ಗೊತ್ತು' ಎಂದು ಮೂಗು ಮುರಿದರು.

ಇಷ್ಟರ ಮಧ್ಯೆ ಹೆಂಡತಿ ತಡೆಯಲಾರದೆ ಅತ್ತಿಗೆಗೆ, ಅಂದರೆ ನಿರೀಕ್ಷಕರ ಅಕ್ಕನಿಗೆ, ವಿಷಯ ಹೇಳಿಬಿಟ್ಟಿದ್ದಳು. ಅಕ್ಕ ದಿನಕ್ಕೊಂದು ಫೋನು ಮಾಡಿ ದಿನಕ್ಕೊಂದು ಪದಾರ್ಥವನ್ನು ಗಡೀಪಾರು ಮಾಡತೊಡಗಿದಳು. ಸೋಮವಾರ ಹಾಲು, ಮಂಗಳವಾರ ಗೋಧಿ, ಬುಧವಾರ ಬೇಳೆ. ಶನಿವಾರದ ಹೊತ್ತಿಗೆ ತಿನ್ನಲು ಉಳಿದದ್ದು ನೀರು, ಅದೂ ಮೂರು ಸಲ ಕುದಿಸಿದ್ದು. ಡಾಕ್ಟರಮ್ಮ ಹೇಳಿದ್ದು ಬೇರೆ: ಒಬ್ಬೊಬ್ಬರಿಗೆ ಒಂದೊಂದು ಆಗುವುದಿಲ್ಲ, ಬರೆದಿಟ್ಟು ನೋಡಿಕೊಳ್ಳಬೇಕು, ಸುಮ್ಮನೆ ಎಲ್ಲ ಬಿಟ್ಟರೆ ಸೊರಗುತ್ತೀರಿ ಎಂದು. ಆದರೆ ಬರೆದಿಡಬೇಕಾದ ಪುಸ್ತಕದಲ್ಲಿ ಬರೀ 'ಎರಡು' ಇತ್ತಲ್ಲ! ನಿರೀಕ್ಷಕರು ಅಕ್ಕನನ್ನೂ ಡಾಕ್ಟರಮ್ಮನನ್ನೂ ಒಂದೇ ತಕ್ಕಡಿಯಲ್ಲಿಟ್ಟು, ಇಬ್ಬರೂ ತಲೆ ತಿನ್ನುವವರೆಂದು ತೀರ್ಮಾನಿಸಿದರು.

ಮನೆಯಲ್ಲಾದರೆ ಬಚ್ಚಲಿತ್ತು, ನಲ್ಲಿಯಿತ್ತು. ನಿರೀಕ್ಷಕರ ಕೆಲಸ ಬೀದಿಯ ಮೇಲೆ. ಒಂದು ದಿನ ಬೆಳಿಗ್ಗೆ ಹತ್ತೂಕಾಲಿಗೆ, ಪೇಟೆಬೀದಿಯ ನಟ್ಟನಡುವೆ, ಕಂಕುಳಲ್ಲಿ ರಿಜಿಸ್ಟರು ಇಟ್ಟುಕೊಂಡು ಗಂಭೀರವಾಗಿ ಹೋಗುತ್ತಿದ್ದಾಗ ಕರುಳು ಎಚ್ಚರಿಕೆ ಕೊಟ್ಟಿತು. ಈ ಕಾಯಿಲೆಯ ಎಚ್ಚರಿಕೆ ಎಂದರೆ ಕಾಲಾವಕಾಶ ಕೊಡುವ ನೋಟೀಸಲ್ಲ. ಒಂದು, ಎರಡು ಎಂದು ಎಣಿಸಿ ಐವತ್ತಕ್ಕೆ ಬರುವಷ್ಟರಲ್ಲಿ ಬಾಗಿಲು ಸಿಗಬೇಕು, ಇಲ್ಲದಿದ್ದರೆ ಮಾನ ಬೀದಿಯಲ್ಲೇ ಹರಾಜು. ಎದುರಿಗೆ ಮೂಲೆ ಹೋಟೆಲು ಕಂಡಿತು. ನಿರೀಕ್ಷಕರು ನುಗ್ಗಿದರು. ಗಲ್ಲಾದಲ್ಲಿದ್ದ ಗುಂಡಗಿನ ಮಾಲೀಕ ಎದ್ದು ನಿಂತು ಕೈ ಜೋಡಿಸಿದ.

"ಏನ್ ಸಾರ್, ಹೀಗೆ ಇದ್ದಕ್ಕಿದ್ದ ಹಾಗೆ?"

ಇಪ್ಪತ್ತು ಜನ ಗಿರಾಕಿಗಳು ತಿನ್ನುವುದನ್ನು ನಿಲ್ಲಿಸಿ ನೋಡುತ್ತಿದ್ದರು. 'ಸ್ವಲ್ಪ ಒಳಗೆ ಹೋಗಬೇಕಿತ್ತು' ಎಂದು ಯಾವ ಮನುಷ್ಯನಾದರೂ ಹೇಳುತ್ತಿದ್ದ. ಭೂತಗನ್ನಡಿ ಹಾಗೆ ಹೇಳುವುದುಂಟೆ? ಬದಲಿಗೆ ಇಪ್ಪತ್ತೆರಡು ವರ್ಷದ ಅಭ್ಯಾಸ ತಾನೇ ಬಾಯಿ ತೆರೆದು ಗುಡುಗಿತು.

"ದಿಢೀರ್ ತಪಾಸಣೆ! ಶೌಚಾಲಯ ಎಲ್ಲಿದೆ?"

"ಅ... ಅಲ್ಲಿ ಸಾರ್, ಹಿಂದೆ. ಒಂದು ನಿಮಿಷ ಕೊಡಿ ಸಾರ್, ಸ್ವಲ್ಪ ನೀರು ಹಾಕಿಸ್ತೀನಿ..."

"ಒಂದು ಸೆಕೆಂಡೂ ಕೊಡಲ್ಲ! ಯಾರೂ ನನ್ನ ಹಿಂದೆ ಬರಕೂಡದು!"

ಹನ್ನೊಂದು ನಿಮಿಷದ ನಂತರ ನಿರೀಕ್ಷಕರು ಕರ್ಚೀಫಿನಿಂದ ಹಣೆಯೊರೆಸಿಕೊಳ್ಳುತ್ತ ಹೊರಗೆ ಬಂದರು. ಮಾಲೀಕ ನಿಂತಲ್ಲೇ ನಿಂತಿದ್ದ. ಹನ್ನೊಂದು ನಿಮಿಷ! ಅಡುಗೆಮನೆಗೇ ಐದು ನಿಮಿಷಕ್ಕಿಂತ ಹೆಚ್ಚು ಕೊಟ್ಟವರಲ್ಲ ಇವರು.

"ಸಾರ್, ಅಷ್ಟು ಹೊತ್ತು... ಏನೇನು ನೋಡಿದ್ರಿ?"

"ಎಲ್ಲಾ," ಎಂದರು ನಿರೀಕ್ಷಕರು. ಅದೂ ಸುಳ್ಳಲ್ಲ.

ಆಮೇಲೆ ಮೇಜಿನ ಮೇಲೆ ರಿಜಿಸ್ಟರು ಬಿಚ್ಚಿದರು. ಯಾವುದೇ ತಪಾಸಣೆ ಮಾಡಿದರೂ ಅದೇ ಜಾಗದಲ್ಲಿ, ಅದೇ ಕ್ಷಣದಲ್ಲಿ ಸ್ಥಳ, ಹೊತ್ತು, ಅವಧಿ ಬರೆದು ಮಾಲೀಕನ ಸಹಿ ಹಾಕಿಸಿಕೊಳ್ಳಬೇಕು ಎಂಬುದು ನಿಯಮ. ಡಾಕ್ಟರಿಗೆ ಸುಳ್ಳು ಹೇಳಬಲ್ಲ, ಚಿಕ್ಕ ಪುಸ್ತಕದಲ್ಲಿ ಸುಳ್ಳು ಬರೆಯಬಲ್ಲ ಮನುಷ್ಯನಿಗೆ ಸರ್ಕಾರಿ ರಿಜಿಸ್ಟರಿನಲ್ಲಿ ಸುಳ್ಳು ಬರೆಯಲು ಕೈ ಬರಲಿಲ್ಲ. 'ಮೂಲೆ ಹೋಟೆಲು. ತಪಾಸಣೆಗೊಳಪಟ್ಟ ಭಾಗ: ಶೌಚಾಲಯ. ಬೆಳಿಗ್ಗೆ 10.16. ಅವಧಿ: ಹನ್ನೊಂದು ನಿಮಿಷ. ಷರಾ: ಚಿಲಕ ಸಡಿಲ, ಕೂಡಲೇ ಸರಿಪಡಿಸತಕ್ಕದ್ದು.'

ಅಂದಿನಿಂದ ದಾರಿ ಸಲೀಸಾಯಿತು. ಎಲ್ಲೇ ಹೊಟ್ಟೆ ಮುರಿದುಕೊಂಡರೂ ಹತ್ತಿರದ ಹೋಟೆಲಿಗೆ ನುಗ್ಗುವುದು, 'ತಪಾಸಣೆ!' ಎಂದು ಗುಡುಗುವುದು, ಒಳಗೆ ಹೋಗುವುದು, ಬಂದು ಬರೆಯುವುದು. ದಿನಕ್ಕೆ ಆರು, ಏಳು, ಎಂಟು. ಊರಿನ ಹೋಟೆಲಿನವರಿಗೆ ಹಗಲೂ ನೆಮ್ಮದಿ ಇಲ್ಲ, ಸಂಜೆಯೂ ಇಲ್ಲ. ಈಗ ತಾನೇ ಹೋದರಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಮತ್ತೆ ಹಾಜರು. ಚಿಲಕಗಳು ಬಿಗಿಯಾದವು. ಹೊಸ ಬಲ್ಬುಗಳು ಬಂದವು. ಸೋಪು ಬಂತು, ಟವೆಲ್ಲು ಬಂತು. ಬಸ್ ನಿಲ್ದಾಣದ ಪಕ್ಕದ ಹೋಟೆಲಿನವನಂತೂ ಒಳಗೆ ಒಂದು ಹೂದಾನಿಯನ್ನೇ ಇಟ್ಟ. ಎಲ್ಲಾದರೂ ಊಟ ಮಾಡಿ, ಕೈತೊಳೆಯಲು ಮಾತ್ರ ಮೂಲೆ ಹೋಟೆಲಿಗೆ ಬರುವ ಗಿರಾಕಿಗಳೂ ಹುಟ್ಟಿಕೊಂಡರು.

ನಿರೀಕ್ಷಕರ ಮೇಲಿನವರು ಆರೋಗ್ಯಾಧಿಕಾರಿ. ಉಸಿರಾಡುವುದಕ್ಕೂ ಯಾವ ನಿಯಮದಡಿ ಎಂದು ಯೋಚಿಸುವ ಮನುಷ್ಯ. ತಿಂಗಳ ಸಭೆಯಲ್ಲಿ ಅವರು ರಿಜಿಸ್ಟರು ಎತ್ತಿ ಹಿಡಿದು, "ನೋಡಿ, ಕೆಲಸ ಅಂದ್ರೆ ಇದು! ಒಂದು ತಿಂಗಳಲ್ಲಿ ನೂರ ಅರವತ್ತೆಂಟು ದಿಢೀರ್ ತಪಾಸಣೆ! ಇವರಿಗೆ ಒಳಗಿಂದಲೇ ಒಂದು ಒತ್ತಡ ಇದೆ ರೀ, ನಿಮಗೆಲ್ಲ ಅದಿಲ್ಲ," ಎಂದು ಉಳಿದಿಬ್ಬರಿಗೆ ಛೀಮಾರಿ ಹಾಕಿದರು. (ಸತ್ಯವನ್ನು ತಿಳಿಯದೆಯೇ ಆಡುವುದರಲ್ಲಿ ಮೇಲಧಿಕಾರಿಗಳನ್ನು ಮೀರಿಸುವವರಿಲ್ಲ.) ಗೋಂದುಗಳಲ್ಲೊಬ್ಬ ಮರುದಿನವೇ ಹುರುಪಿನಿಂದ ಹೋಗಿ ಒಂದು ಹೋಟೆಲಿನ ಶೌಚಾಲಯದಲ್ಲಿ ಗಡಿಯಾರ ನೋಡಿಕೊಂಡು ಹನ್ನೊಂದು ನಿಮಿಷ ನಿಂತು ಬಂದನಂತೆ. ಒಳಗೆ ಅಷ್ಟು ಹೊತ್ತು ನೋಡುವಂಥದ್ದು ಏನಿದೆಯೋ ಅವನಿಗೆ ಕೊನೆಗೂ ತಿಳಿಯಲಿಲ್ಲ.

ಹೊಗಳಿಕೆ ಸಿಕ್ಕಿತು, ಆದರೆ ಬೆಲ್ಟಿಗೆ ನಾಲ್ಕನೆಯ ತೂತೂ ಬಿತ್ತು. ಮುಖ ಬಿಳಿಚಿಕೊಂಡಿತು. ಮೆಟ್ಟಿಲು ಹತ್ತಿದರೆ ಏದುಸಿರು. ನಿರೀಕ್ಷಕರು ತಿಂಗಳ ವರದಿ ಬರೆಯಲೆಂದು ರಿಜಿಸ್ಟರನ್ನು ಮನೆಗೆ ತಂದು, ಬರೆಯುತ್ತ ಬರೆಯುತ್ತ ಕುರ್ಚಿಯಲ್ಲೇ ತೂಕಡಿಸಿದ ಒಂದು ಭಾನುವಾರ ಮಧ್ಯಾಹ್ನ, ಹೆಂಡತಿ ಅದನ್ನು ಎಳೆದುಕೊಂಡು ಓದಿದಳು. ಒಂದು ಪುಟ ಓದಿದಳು, ಎರಡು ಪುಟ ಓದಿದಳು. ಆಮೇಲೆ ಎದ್ದು ಡಾಕ್ಟರಮ್ಮ ಕೊಟ್ಟ ಚಿಕ್ಕ ಪುಸ್ತಕ ತಂದು ಪಕ್ಕದಲ್ಲಿಟ್ಟುಕೊಂಡಳು.

"ರೀ, ಏಳಿ. ಹನ್ನೆರಡನೇ ತಾರೀಕು ಎಷ್ಟು ಸಲ?"

"ಹಾಂ? ಎರಡು."

"ಮೂಲೆ ಹೋಟೆಲು ಹತ್ತು ಹದಿನಾರಕ್ಕೆ. ಬಸ್ ನಿಲ್ದಾಣ ಹನ್ನೊಂದಕ್ಕೆ. ಮತ್ತೆ ಮೂಲೆ ಹೋಟೆಲು ಹನ್ನೊಂದೂ ನಲವತ್ತಕ್ಕೆ. ಬೇಕರಿ ಹನ್ನೆರಡೂವರೆಗೆ. ಎಲ್ಲಾ ಕಡೆ ಶೌಚಾಲಯ, ಎಲ್ಲಾ ಕಡೆ ಹತ್ತು ಹನ್ನೊಂದು ನಿಮಿಷ. ಇನ್ನೂ ಊಟದ ಹೊತ್ತು ಆಗಿಲ್ಲ ರೀ!"

"ಅದು ಸರ್ಕಾರಿ ದಾಖಲೆ. ಹೊರಗಿನವರು ನೋಡೋ ಹಾಗಿಲ್ಲ."

"ಇದು ತಪಾಸಣೆ ರಿಜಿಸ್ಟರಲ್ಲ, ನಿಮ್ಮ ಕಾಯಿಲೆ ಪುಸ್ತಕ! ಸಹಿ ಬೇರೆ ಹಾಕಿಸಿಕೊಂಡಿದ್ದೀರಿ ಒಂದೊಂದಕ್ಕೂ! ನನ್ನ ಕ್ಲಾಸಿನ ನಾಲ್ಕು ವರ್ಷದ ಕೂಸು ಕೂಡ ಎದ್ದು ನಿಂತು 'ಮಿಸ್, ಬರ್ತಿದೆ' ಅನ್ನುತ್ತೆ. ಅದಕ್ಕಿರೋ ಬುದ್ಧಿ ನಿಮಗಿಲ್ಲವಲ್ಲ!"

"ಅದಕ್ಕೆ ಹುದ್ದೆ ಇದೆಯೇನೇ? ನನಗೆ ಊರಲ್ಲಿ ಒಂದು ಸ್ಥಾನ ಇದೆ."

"ಸ್ಥಾನ ಇದೆ, ನಿಜ. ನಲವತ್ತೊಂದು ಹೋಟೆಲಲ್ಲಿ ಇದೆ, ಹಿತ್ತಲ ಕಡೆಗೆ."

ಮರುದಿನ ಆಕೆ ಶಿಶುವಿಹಾರಕ್ಕೆ ರಜೆ ಹಾಕಿ, ಗಂಡನನ್ನು ಒಂದು ಕೈಯಲ್ಲೂ ರಿಜಿಸ್ಟರನ್ನು ಇನ್ನೊಂದು ಕೈಯಲ್ಲೂ ಹಿಡಿದು ಆಸ್ಪತ್ರೆಗೆ ನಡೆದಳು. ಡಾಕ್ಟರಮ್ಮ ಪುಟ ತಿರುಗಿಸುತ್ತ ಹೋದಳು. ಮೊದಲು ಹುಬ್ಬು ಮೇಲೇರಿತು, ಆಮೇಲೆ ತುಟಿ ಕಚ್ಚಿಕೊಂಡಳು. ಕೊನೆಗೆ, "ಇಷ್ಟು ಚೆನ್ನಾಗಿ ಬರೆದಿಟ್ಟ ಪೇಷೆಂಟನ್ನ ನಾನು ನೋಡೇ ಇಲ್ಲ ಸರ್. ಸಾಕ್ಷಿ ಸಮೇತ!" ಎಂದಳು. ಆಮೇಲೆ ನಗು ಬಿಟ್ಟು ಗದರಿದಳು. "ನೀವು ಎರಡು ಅಂದ್ರಿ, ನಾನು ಎರಡಕ್ಕೆ ತಕ್ಕ ಔಷಧಿ ಕೊಟ್ಟೆ. ಎಂಟರ ಬೆಂಕಿಗೆ ಎರಡರ ನೀರು ಸಾಕಾಗುತ್ತಾ? ರಕ್ತ ಎಷ್ಟು ಕಡಿಮೆಯಾಗಿದೆ ಗೊತ್ತಾ? ಇನ್ನೊಂದು ತಿಂಗಳು ಹೀಗೇ ಬಿಟ್ಟಿದ್ದರೆ ಆಪರೇಷನ್ ಮಾಡಿ ಕರುಳೇ ತೆಗೀಬೇಕಾಗ್ತಿತ್ತು."

ನಿರೀಕ್ಷಕರಿಗೆ ಮೊದಲ ಸಲ ಭಯವಾಯಿತು. ಆ ಹುಡುಗಿಯ ಮುಂದೆ ತಲೆ ತಗ್ಗಿಸಿ ಕೂತರು. ಕಿಟಕಿಯ ಧೂಳು ಅಂದು ಅವರ ಕಣ್ಣಿಗೆ ಬೀಳಲಿಲ್ಲ.

ಸ್ಟೀರಾಯ್ಡು ಕೆಲವು ವಾರ, ಅದನ್ನು ಡಾಕ್ಟರು ಹೇಳಿದಂತೆ ಮೆಲ್ಲಮೆಲ್ಲಗೆ ಇಳಿಸುವುದು, ರಕ್ತಕ್ಕೆ ಕಬ್ಬಿಣ, ಜೊತೆಗೆ ಆರಾಮಿದ್ದರೂ ಇಲ್ಲದಿದ್ದರೂ ದಿನವೂ ನುಂಗಬೇಕಾದ ಮಾತ್ರೆ. ಹೆಂಡತಿ ಅಡುಗೆಮನೆಯ ಗೋಡೆಗೆ ಶಿಶುವಿಹಾರದ ಪಟ್ಟಿಯೊಂದನ್ನು ತಂದು ಅಂಟಿಸಿದಳು. ಮಾತ್ರೆ ನುಂಗಿದ ದಿನ ಒಂದು ಬಂಗಾರದ ಬಣ್ಣದ ನಕ್ಷತ್ರ. ನಿರೀಕ್ಷಕರು ಇದೆಂಥ ಅವಮಾನ ಎಂದು ಸಿಡಿಮಿಡಿಗೊಂಡರು. ಒಂದು ದಿನ ನಕ್ಷತ್ರ ಅಂಟಿಸಲು ಆಕೆ ಮರೆತಾಗ ನೆನಪಿಸಿದರು. ಹಸಿ ಈರುಳ್ಳಿ ಮತ್ತು ಖಾರ ತಮಗೆ ಆಗುವುದಿಲ್ಲ, ಹಾಲು ಆಗುತ್ತದೆ ಎಂದು ಬರೆದು ನೋಡಿ ಕಂಡುಕೊಂಡರು. ಎರಡು ತಿಂಗಳಲ್ಲಿ ಎಂಟು ಹೋಗಿ ನಾಲ್ಕಾಯಿತು, ನಾಲ್ಕು ಹೋಗಿ ಒಂದಾಯಿತು. ಬೆಲ್ಟು ಒಂದೊಂದೇ ತೂತು ಹಿಂದಕ್ಕೆ ಬಂತು. ಮುಖಕ್ಕೆ ಕಳೆ ಬಂತು, ಅದರ ಜೊತೆ ಹಳೆಯ ತಾತ್ಸಾರವೂ ಬಂತು. ಪೇಟೆಬೀದಿಯಲ್ಲಿ ರಾಜಗಾಂಭೀರ್ಯದಿಂದ, ಯಾವ ಹೋಟೆಲಿನ ಕಡೆಗೂ ಕಣ್ಣೆತ್ತದೆ ನಡೆಯತೊಡಗಿದರು. ಹಿಂದಿನಂತೆ ವಾರಕ್ಕೆ ಎರಡು ತಪಾಸಣೆ, ಮೂರು ತಪಾಸಣೆ.

ಸುಖವಾಗಿದ್ದೇನೆ ಎಂದುಕೊಳ್ಳುವಷ್ಟರಲ್ಲಿ ಆಫೀಸಿನಲ್ಲಿ ಒಂದು ಲಕೋಟೆ ಕೈಗೆ ಬಂತು. ಒಳಗೆ ನೋಟೀಸು. 'ಸಾರ್ವಜನಿಕರೊಬ್ಬರು ದೂರು ಸಲ್ಲಿಸಿ, ಈ ಹಿಂದೆ ದಿನಕ್ಕೆ ಎಂಟು ಬಾರಿ ಶೌಚಾಲಯಗಳನ್ನು ತಪಾಸಣೆ ಮಾಡುತ್ತಿದ್ದ ನಿರೀಕ್ಷಕರು ಈಗ ಇಣುಕಿಯೂ ನೋಡುತ್ತಿಲ್ಲವೆಂದೂ, ಸೋಪು, ಟವೆಲ್ಲು ಮಾಯವಾಗಿವೆಯೆಂದೂ, ಹೋಟೆಲಿನವರು ಲಂಚ ಕೊಟ್ಟು ಸದರಿ ನಿರೀಕ್ಷಕರ ಬಾಯಿ ಮುಚ್ಚಿಸಿರುವರೆಂದೂ ಆಪಾದಿಸಿರುತ್ತಾರೆ. ತಪಾಸಣೆಗಳು ನೂರ ಅರವತ್ತೆಂಟರಿಂದ ಒಂಬತ್ತಕ್ಕೆ ಇಳಿದ ಕಾರಣವನ್ನು ಏಳು ದಿನಗಳೊಳಗೆ ಲಿಖಿತವಾಗಿ ವಿವರಿಸತಕ್ಕದ್ದು. ತಪ್ಪಿದಲ್ಲಿ ಅಮಾನತು ಮಾಡಲಾಗುವುದು.'

ಲಂಚ! ಒಂದು ಲೋಟ ನೀರು ಮುಟ್ಟದ ಕೈಗೆ ಲಂಚದ ಮಸಿ! ನಿರೀಕ್ಷಕರು ಮನೆಗೆ ಬಂದು ಕುರ್ಚಿಯಲ್ಲಿ ಕುಸಿದರು. ಹೆಂಡತಿ ನೋಟೀಸು ಓದಿ ಹಗುರವಾಗಿ ಹೇಳಿದಳು.

"ಇಷ್ಟೇ ತಾನೇ? ಕಾಯಿಲೆ ಇತ್ತು, ಈಗ ಹತೋಟಿಲಿದೆ ಅಂತ ಬರೆದುಕೊಡಿ. ಡಾಕ್ಟರಮ್ಮ ಸರ್ಟಿಫಿಕೇಟ್ ಕೊಡ್ತಾಳೆ."

ನಿರೀಕ್ಷಕರು ನೋಟೀಸನ್ನು ನಾಲ್ಕಾಗಿ ಮಡಚಿದರು. ಆಮೇಲೆ ಮೆಲ್ಲಗೆ, "ನೋಡೇ, ಲಂಚ ತಗೊಂಡೆ ಅಂತಲೇ ಒಪ್ಕೊಂಡ್ರೆ ಏನಾಗುತ್ತೆ?" ಎಂದರು.

"ಏನಂದ್ರಿ?"

"ಅಲ್ಲ, ಅದು ನಾಲ್ಕು ಜನ ಮಾಡೋ ಕೆಲಸ. ಜನಕ್ಕೆ ಅರ್ಥವಾಗುತ್ತೆ. ತಗೊಂಡೋರು ತಲೆ ಎತ್ಕೊಂಡು ಓಡಾಡ್ತಿಲ್ವಾ?"

"ಕಳ್ಳ ಅನ್ನಿಸ್ಕೊಂಡ್ರೂ ಪರವಾಗಿಲ್ಲ, ಕಾಯಿಲೆಯವ ಅನ್ನಿಸ್ಕೋಬಾರದಾ? ಥೂ ನಿಮ್ಮ! ಕೆಲಸ ಹೋದ್ರೆ ಆ ಮಾತ್ರೆ ಎಲ್ಲಿಂದ ತರ್ತೀರಿ? ಸ್ಥಾನ ಅರೆದು ಕುಡೀತೀರಾ? ಕೂತ್ಕೊಳ್ಳಿ! ಪೆನ್ ತಗೊಳ್ಳಿ!"

ಮೊದಲ ಪ್ರತಿಯಲ್ಲಿ ನಿರೀಕ್ಷಕರು 'ಕೆಲವು ಆಂತರಿಕ ಕಾರಣಗಳಿಂದ' ಎಂದು ಬರೆದರು. ಆಂತರಿಕ ಎಂದರೆ ಆಫೀಸಿನೊಳಗಿನ ಜಗಳ ಅಂದುಕೊಳ್ಳುತ್ತಾರೆ ಎಂದು ಹೆಂಡತಿ ಕೆಂಪು ಶಾಯಿಯಲ್ಲಿ ಗೀಟು ಎಳೆದಳು. ಎರಡನೆಯದರಲ್ಲಿ 'ದೇಹಧರ್ಮದ ಅನಿವಾರ್ಯ ಒತ್ತಾಯಗಳಿಗೆ ತಲೆಬಾಗಿ' ಎಂದು ಬರೆದರು. ಇದೇನು ಶಿಲಾಶಾಸನವಾ ಎಂದು ಆಕೆ ಅದನ್ನು ಹರಿದಳು. ಮೂರನೆಯದನ್ನು ಆಕೆಯೇ, ನಾಲ್ಕು ವರ್ಷದವರಿಗೆ ಹೇಳುವ ಹಾಗೆ, ಒಂದೊಂದೇ ವಾಕ್ಯ ನಿಲ್ಲಿಸಿ ನಿಲ್ಲಿಸಿ ಹೇಳಿ ಬರೆಸಿದಳು.

'ನನಗೆ ದೊಡ್ಡ ಕರುಳಿನ ಕಾಯಿಲೆ ಇದೆ. ಅದು ಅಂಟುವುದಿಲ್ಲ. ಕೆರಳಿದಾಗ ತಡೆದುಕೊಳ್ಳಲು ಆಗುವುದಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗಿ, ತಪಾಸಣೆ ಎಂದು ಕೂಗಿ ಹೋಟೆಲುಗಳ ಶೌಚಾಲಯಕ್ಕೆ ಹೋಗುತ್ತಿದ್ದೆ. ಈಗ ಸರಿಯಾದ ಔಷಧಿಯಿಂದ ಆರಾಮಾಗಿದ್ದೇನೆ. ಅದಕ್ಕೇ ಹೋಗುತ್ತಿಲ್ಲ. ನಾನು ಯಾರಿಂದಲೂ ಲಂಚ ತೆಗೆದುಕೊಂಡಿಲ್ಲ.'

ನಿರೀಕ್ಷಕರು ಕಣ್ಣು ಮುಚ್ಚಿಕೊಂಡು ಸಹಿ ಹಾಕಿದರು.

ಆರೋಗ್ಯಾಧಿಕಾರಿ ಅದನ್ನು ಬಾಗಿಲು ಮುಚ್ಚಿಸಿ ಓದಿದರು. ಓದಿ ಕನ್ನಡಕ ತೆಗೆದರು. "ಇಂಥ ಪ್ರಾಮಾಣಿಕ ವಿವರಣೆ ನಾನು ಸರ್ವಿಸ್ಸಿನಲ್ಲೇ ಓದಿಲ್ಲ ಇವರೇ. ನಿಮ್ಮ ಮೇಲೆ ಯಾವ ಕ್ರಮವೂ ಇಲ್ಲ."

"ತುಂಬ ಉಪಕಾರ ಸಾರ್. ಇದು ನಮ್ಮಿಬ್ಬರಲ್ಲೇ ಉಳಿದರೆ..."

"ಛೆ ಛೆ, ಉಳಿಯೋ ಹಾಗಿಲ್ಲ." ಅಧಿಕಾರಿಗಳು ದಪ್ಪ ಪುಸ್ತಕ ತೆರೆದರು. "ಸಾರ್ವಜನಿಕ ದೂರು ಸುಳ್ಳು ಅಂತ ಸಾಬೀತಾದರೆ, ನೌಕರನ ಕೀರ್ತಿಗೆ ಆದ ಹಾನಿ ಸರಿಪಡಿಸೋಕೆ ಅವನ ವಿವರಣೆಯನ್ನ ಸಂಬಂಧಪಟ್ಟ ಎಲ್ಲಾ ಸ್ಥಳಗಳಲ್ಲೂ ಪ್ರದರ್ಶಿಸಬೇಕು. ಸ್ಪಷ್ಟವಾಗಿದೆ ನೋಡಿ."

"ಸಾರ್, ನನ್ನ ಕೀರ್ತಿಗೆ ಒಂದು ಚೂರೂ ಹಾನಿ ಆಗಿಲ್ಲ ಸಾರ್!"

"ಅದನ್ನ ನೀವು ಹೇಳೋದಲ್ಲ ಇವರೇ. ನಿಯಮ ಹೇಳಬೇಕು."

ನಲವತ್ತೊಂದು ಹೋಟೆಲು. ನಲವತ್ತೊಂದು ಪ್ರತಿ. ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ, ಗಾಜಿನ ಚೌಕಟ್ಟು ಹಾಕಿಸಿ, ಕೈತೊಳೆಯುವ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಿಸಿದರು. ಹೆಂಡತಿಯ ವಾಕ್ಯಗಳ ದೊಡ್ಡ ಗುಣವೆಂದರೆ ಅಕ್ಷರ ಕಲಿಯುತ್ತಿರುವ ಮಕ್ಕಳೂ ಕೈ ಒರೆಸಿಕೊಳ್ಳುತ್ತ ಅದನ್ನು ಗಟ್ಟಿಯಾಗಿ ಓದಬಹುದಿತ್ತು. ಓದುತ್ತಲೂ ಇದ್ದರು. ನಿರೀಕ್ಷಕರು ಹದಿನೈದು ದಿನ ರಜೆ ಹಾಕಿ ಮನೆಯಲ್ಲಿ ಕೂತರು. ರಜೆಗೂ ಒಂದು ಕೊನೆ ಇರುತ್ತದಲ್ಲ. ಹದಿನಾರನೆಯ ದಿನ, ಮೂಲೆ ಹೋಟೆಲಿನ ಅಡುಗೆಮನೆಯಲ್ಲಿ ಜಿರಳೆ ಕಂಡಿತೆಂಬ ದೂರನ್ನು ಹಿಡಿದುಕೊಂಡು ಹೊರಟರು. ಅಂದು ಹೊಟ್ಟೆ ತಣ್ಣಗಿತ್ತು. ಕರುಳು ಒಂದು ಮಾತೂ ಆಡುತ್ತಿರಲಿಲ್ಲ. ಕಳೆದುಕೊಂಡ ಸ್ಥಾನವನ್ನು ಇವತ್ತು ಅದೇ ಜಾಗದಲ್ಲಿ ಗಿಟ್ಟಿಸಿಕೊಳ್ಳಬೇಕೆಂದು ಎದೆಯುಬ್ಬಿಸಿ ಬಾಗಿಲಲ್ಲಿ ನಿಂತರು.

"ದಿಢೀರ್ ತಪಾಸಣೆ!"

ಮರುಕ್ಷಣ ಗಿರಾಕಿಗಳೆಲ್ಲ ಕಾಲು ಮಡಚಿಕೊಂಡರು, ಕುರ್ಚಿಗಳನ್ನು ಸರಸರ ಹಿಂದಕ್ಕೆ ಎಳೆದುಕೊಂಡರು. ಬಾಗಿಲಿಂದ ಹಿತ್ತಲವರೆಗೆ ನೆಟ್ಟಗೆ ಒಂದು ದಾರಿ ತೆರೆದುಕೊಂಡಿತು. "ಬಿಡ್ರಪ್ಪ, ದಾರಿ ಬಿಡಿ, ಪಾಪ ಅವರಿಗೆ ತಡೆಯಲ್ಲ," ಎಂದಳು ಒಬ್ಬ ಅಜ್ಜಿ. ಮಾಲೀಕ ಗಲ್ಲಾ ಬಿಟ್ಟು ಓಡಿಬಂದ. ಅವನ ಮುಖದಲ್ಲಿ ಹೆದರಿಕೆಯ ಲವಲೇಶವೂ ಇರಲಿಲ್ಲ. ಮರುಕ ತುಂಬಿ ತುಳುಕುತ್ತಿತ್ತು.

"ಖಾಲಿ ಇದೆ ಸಾರ್. ಹೋಗಿ ಬನ್ನಿ."

"ನಾನು ಅಡುಗೆಮನೆ ನೋಡೋಕೆ ಬಂದಿದ್ದೀನಿ!"

"ಗೊತ್ತು ಸಾರ್, ಗೊತ್ತು. ಅಡುಗೆಮನೆ ಎಲ್ಲಿಗೂ ಓಡಿಹೋಗಲ್ಲ. ಮೊದಲು ನಿಮ್ಮದು ಮುಗಿಸ್ಕೊಳ್ಳಿ."

"ನನಗೇನೂ ಆಗಿಲ್ಲ ರೀ!"

"ನಾಚ್ಕೋಬಾರದು ಸಾರ್. ನಮ್ಮ ಭಾವಮೈದುನನೂ ಹೀಗೇ ನಾಚ್ಕೊಂಡು ನಾಚ್ಕೊಂಡು ಒಂದಿನ ಮದುವೆ ಮನೇಲಿ..." ಎಂದವನು ಮುಂದಿನದನ್ನು ನುಂಗಿಕೊಂಡು, ನಿರೀಕ್ಷಕರ ಮೊಣಕೈಯನ್ನು ಮೆತ್ತಗೆ ಹಿಡಿದ. ಇನ್ನೊಂದು ಮೊಣಕೈಯನ್ನು ಮಾಣಿ ಹಿಡಿದ. ಮೂವತ್ತು ಜೊತೆ ಕಣ್ಣುಗಳು ಹಾರೈಸುತ್ತಿದ್ದವು. ಮನುಷ್ಯನಾದವನು ಬೈಗುಳವನ್ನು ಎದುರಿಸಬಹುದು, ಇಷ್ಟೊಂದು ಕನಿಕರವನ್ನು ಹೇಗೆ ಎದುರಿಸುವುದು? ನಿರೀಕ್ಷಕರು ಹೋದರು. ಬಾಗಿಲು ಮುಚ್ಚಿತು. ಹೊರಗಿನಿಂದ ಮಾಲೀಕ, "ಅವಸರ ಏನಿಲ್ಲ ಸಾರ್, ನಿಧಾನಕ್ಕೆ," ಎಂದ.

ಒಳಗೆ ಮಾಡಲು ಏನೂ ಕೆಲಸವಿರಲಿಲ್ಲ. ಇಷ್ಟು ಬೇಗ ಹೊರಗೆ ಬಂದರೆ ಮತ್ತೆ ಒಳಗೇ ಕಳಿಸುತ್ತಾರೆಂಬುದು ಖಂಡಿತವಿತ್ತು. ರಿಜಿಸ್ಟರು ಎದೆಗವಚಿಕೊಂಡು ಗೋಡೆ ನೋಡುತ್ತ ನಿಂತರು. ಆ ಗೋಡೆಯ ಆಚೆಗೇ ಅಡುಗೆಮನೆ. ಅಲ್ಲಿಂದ ಪಾತ್ರೆಗಳನ್ನು ದಡಬಡ ಎಳೆದಾಡುವ ಸದ್ದು, ನೀರು ಸುರಿಯುವ ಸದ್ದು, ಪೊರಕೆಯ ಸದ್ದು ಕೇಳತೊಡಗಿತು. ಅದೆಲ್ಲದರ ಮೇಲೆ ಮಾಲೀಕನ ದನಿ.

"ಹಿಟ್ಟಿನ ಡಬ್ಬ ಆ ಕಡೆ ತಳ್ಳಿ! ಅಗೋ ಅಲ್ಲೊಂದು, ಹೊಡೀರಿ! ಇನ್ನೂ ಟೈಮಿದೆ, ಮೂಲೆನೂ ಗುಡಿಸಿಬಿಡಿ!"

ನಿರೀಕ್ಷಕರು ಹೊರಗೆ ಬಂದಾಗ ಅಡುಗೆಮನೆ ಫಳಫಳ ಹೊಳೆಯುತ್ತಿತ್ತು. ಮಾಲೀಕ ಕೈ ಒರೆಸಿಕೊಳ್ಳುತ್ತ, ಬೆವರುತ್ತ, ಬಹಳ ಅಕ್ಕರೆಯಿಂದ ಕೇಳಿದ.

"ಈಗ ಆರಾಮಾ ಸಾರ್?"

ಮೂವತ್ತು ಜನ ಉತ್ತರಕ್ಕಾಗಿ ಕಾಯುತ್ತಿದ್ದರು.

"ಆರಾಮ," ಎಂದರು ನಿರೀಕ್ಷಕರು.